ಮೂರನೆಯ ರಿಂಗು

ಒಂದು ಬೇಸಿಗೆಯಲ್ಲಿ ನಾನು ಡೆನ್ಮಾರ್ಕಿನಿಂದ ನಾರ್ವೆಯವರೆಗೆ ಒಬ್ಬಳೇ ಸೈಕಲ್ ತುಳಿದೆ ಎಂದರೆ ಜನ ಮೊದಲು ಕೇಳುವುದು ಕಾಲಿನ ಬಗ್ಗೆ. ನೋಯಲಿಲ್ಲವೇ, ಮಂಡಿ ಹಿಡಿದುಕೊಳ್ಳಲಿಲ್ಲವೇ ಎಂದು. ನೋಯಿತು, ಹಿಡಿದುಕೊಂಡಿತು. ಆದರೆ ನನಗೆ ಇವತ್ತಿಗೂ ನೆನಪಿರುವುದು ಕಾಲಲ್ಲ, ಕಿವಿ. ಊರೂರಿನ ಫೋನ್ ಬೂತಿನಲ್ಲಿ ರಿಸೀವರು ಒತ್ತಿ ಹಿಡಿದು ಕೆಂಪಗಾಗುತ್ತಿದ್ದ ನನ್ನ ಎಡಗಿವಿ.

ಆ ದಾರಿ ನನ್ನೊಬ್ಬಳದಲ್ಲ, ನಮ್ಮಿಬ್ಬರದು. ನಾನು ಮತ್ತು ನನ್ನ ಗಂಡ ಆಗ ಕ್ಯಾಲಿಫೋರ್ನಿಯಾದ ನೆವಾರ್ಕಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನಾನು ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದೆ. ಅವನು ಸೇತುವೆಯಾಚೆ, ಅಂಗಡಿಯಿಲ್ಲದೆ ಇಂಟರ್ನೆಟ್ಟಿನಲ್ಲೇ ಸಾಮಾನು ಮಾರುವ ಒಂದು ಕಂಪನಿಯಲ್ಲಿ ಇಂಜಿನಿಯರು. ನಾನು ಮೈಸೂರಿನಲ್ಲಿ ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲಿನಲ್ಲಿ ಬಿದ್ದು ಎದ್ದು ಕಲಿತವಳು. ಅವನು ಬೆಂಗಳೂರಿನವನು, ಇಳಿಜಾರು ಕಂಡರೆ ಬ್ರೇಕು ಹಿಡಿಯುವ ಜಾತಿ. ಭಾನುವಾರ ಇಬ್ಬರೂ ಉಪ್ಪಿನ ಕೊಳಗಳ ಪಕ್ಕದ ಮಣ್ಣಿನ ಏರಿಯ ಮೇಲೆ ಹೋಗಿ, ಕೊಲ್ಲಿಯ ಗಾಳಿಗೆ ಎದುರಾಗಿ ತುಳಿದು, ಬಾಯ್ತುಂಬ ಧೂಳು ತುಂಬಿಕೊಂಡು ಬರುತ್ತಿದ್ದೆವು. ಫ್ರಿಜ್ಜಿನ ಪಕ್ಕದ ಗೋಡೆಗೆ ಅವನು ಉತ್ತರ ಯುರೋಪಿನ ಒಂದು ನಕ್ಷೆ ಅಂಟಿಸಿದ್ದ. ಕೋಪನ್‌ಹೇಗನ್ನಿನಿಂದ ಟ್ರಾಂಡ್‌ಹೈಮಿನವರೆಗೆ ಕೆಂಪು ಪೆನ್ಸಿಲಿನ ಗೆರೆ. ದಿನವೂ ಸಾರಿಗೆ ಒಗ್ಗರಣೆ ಹಾಕುವಾಗ ಆ ಗೆರೆ ನನ್ನ ಕಣ್ಣಿಗೆ ಬೀಳುತ್ತಿತ್ತು. ಸ್ವೀಡನ್ನಿನ ತುದಿಗೆ ಒಂದು ಸಾಸಿವೆ ಹಾರಿ ಎಣ್ಣೆಯ ಕಲೆಯೂ ಆಗಿತ್ತು.

ಮುಂದಿನದು ತಿಳಿಯಬೇಕಾದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಕನ್ನಡದವರ ಒಂದು ರೂಢಿಯ ಬಗ್ಗೆ ಹೇಳಬೇಕು. ಯಾರದೋ ಮನೆಯಲ್ಲಿ ಊಟ ಮುಗಿಸಿ, ಮಿಕ್ಕ ಬಿಸಿಬೇಳೆಬಾತನ್ನು ಮೊಸರಿನ ಡಬ್ಬಿಯಲ್ಲಿ ತುಂಬಿಸಿಕೊಂಡು, ಬಾಗಿಲಲ್ಲಿ ನಿಂತು ಇನ್ನೂ ಅರ್ಧ ಗಂಟೆ ಹರಟಿ ಹೊರಟರೆ, ಮನೆಯಾಕೆ ಕಾರಿನವರೆಗೂ ಕೂಗಿ ಹೇಳುವಳು: "ಮನೆ ಮುಟ್ಟಿದ್ಮೇಲೆ ಎರಡು ರಿಂಗ್ ಕೊಡಿ!" ಎರಡು ಸಲ ಹೊಡೆಸಿ ಇಡಬೇಕು. ಅತ್ತ ಕಡೆಯವರು ಎತ್ತಬಾರದು; ಎತ್ತಿದರೆ ಮಾತು, ಮಾತಿಗೆ ದುಡ್ಡು. ಇಂಡಿಯಾದಿಂದ ಬಂದಿಳಿದವರೂ, ಇಂಡಿಯಾಕ್ಕೆ ಹೋಗಿ ಇಳಿದವರೂ ಮಾಡುತ್ತಿದ್ದದ್ದು ಇದೇ. ಅಮೆರಿಕದ ಫೋನ್ ಕಂಪನಿಗಳಿಗೆ ನಮ್ಮವರು ಹಾಕಿದ ನಾಮ ಅದು. ನಮ್ಮ ಮನೆಯಲ್ಲಿ ಇದಕ್ಕೊಂದು ಬಾಲ ಸೇರಿಸಿಕೊಂಡಿದ್ದೆವು. ಅವನು ಆಫೀಸು ಮುಟ್ಟಿ ಎರಡು ರಿಂಗ್ ಕೊಟ್ಟರೆ ನಾನು ತಿರುಗಿ ಒಂದು ಕೊಡಬೇಕು. ಮುಟ್ಟಿದೆ ಎಂದು ಎರಡು, ಕೇಳಿಸಿತು ಎಂದು ಒಂದು. ಜಗಳವಾಡಿಕೊಂಡು ಹೊರಟ ದಿನ ಕೂಡ ಆ ಎರಡು ರಿಂಗ್ ತಪ್ಪುತ್ತಿರಲಿಲ್ಲ, ನನ್ನ ಒಂದೂ ತಪ್ಪುತ್ತಿರಲಿಲ್ಲ.

ಆಮೇಲೆ ಇಂಟರ್ನೆಟ್ ಕಂಪನಿಗಳ ಬಲೂನುಗಳು ಒಡೆಯತೊಡಗಿದವು. ಒಂದು ಸೋಮವಾರ ಅವನು ಆಫೀಸಿಗೆ ಹೋದರೆ ಬಾಗಿಲಿಗೆ ಬೀಗ, ಒಳಗೆ ಕುರ್ಚಿಗಳನ್ನು ಹರಾಜಿಗೆ ಜೋಡಿಸುತ್ತಿದ್ದರಂತೆ. ಕೆಲಸ ಹೋದ ಮೇಲೆ ಅವನ ವೀಸಾ ಎಷ್ಟು ದಿನ? ಉಳಿದದ್ದು ಒಂದೇ ದಾರಿ: ನನ್ನ ವೀಸಾದ ಕೆಳಗೆ ಹೆಂಡತಿಯ ಆಶ್ರಿತನೆಂದು ಬರೆಸಿಕೊಂಡು ಮನೆಯಲ್ಲಿರುವುದು. ಆ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಊರ ತುಂಬ ಹೆಂಗಸರು ವರ್ಷಗಟ್ಟಲೆ ಹಾಗೆಯೇ ಇದ್ದರು, ಯಾರೂ ಅದನ್ನು ಅವಮಾನ ಎಂದಿರಲಿಲ್ಲ. ಗಂಡಸಿಗೆ ಬಂದಾಗ ಮಾತ್ರ ಅದು ಅವಮಾನವಾಯಿತು. "ನಿನ್ನ ಬಾಲ ಹಿಡ್ಕೊಂಡು ಇಲ್ಲಿ ಕೂತ್ಕೊಳ್ಲಾ?" ಎಂದ. ನನಗೂ ನಾಲಿಗೆ ಚುರುಕು. "ನಾನು ನಿನ್ನ ಬಾಲ ಹಿಡಿದು ಬಂದಾಗ ನಿಂಗೆ ಬಾಲ ಇತ್ತು ಅಂತಾನೇ ಗೊತ್ತಿರ್ಲಿಲ್ಲ" ಎಂದೆ. ಅವನು ಬೆಂಗಳೂರಿಗೆ, ತನ್ನ ಅಕ್ಕನ ಮನೆಗೆ ಹೊರಟುಹೋದ.

ಹೋಗಿ ಇಳಿದು ಒಂದು ಸಲ ಮಾತಾಡಿದ. ಅದೂ ಜಗಳದಲ್ಲೇ ಮುಗಿಯಿತು.

"ವಾಪಸ್ ಬರೋದಾದ್ರೆ ಬರ್ತೀನಿ ಅನ್ನು, ಇಲ್ಲಾಂದ್ರೆ ಇಲ್ಲ ಅನ್ನು. ಬಾಯ್ಬಿಟ್ಟು ಹೇಳು."

"ಯೋಚನೆ ಮಾಡಿ ಹೇಳ್ತೀನಿ."

"ನಾನು ಡ್ಯೂಟಿಲಿದ್ರೆ ಆನ್ಸರಿಂಗ್ ಮಷೀನಿಗೆ ಹೇಳು. ಒಂದೇ ಒಂದು ಮಾತು."

"ಸರಿ. ಸೈಕಲ್ ಟ್ರಿಪ್ಪಿನ ಟಿಕೆಟ್ ಏನ್ ಮಾಡ್ತೀಯ?"

"ಒಬ್ಳೇ ಹೋಗಿ ನಾನೇನ್ ಮಾಡ್ಲಿ? ಕ್ಯಾನ್ಸಲ್ ಮಾಡ್ತೀನಿ."

ಮಾಡಲಿಲ್ಲ. ಆ ಮೇಲಿನ ವಾರಗಳಲ್ಲಿ ಅವನಿಂದ ಸುದ್ದಿಯೇ ಇಲ್ಲದಾಗ ನನಗೆ ರೇಗಿತು. ಲ್ಯಾಬಿನಲ್ಲಿ ಕೂಡಿಟ್ಟ ರಜೆಯನ್ನೆಲ್ಲ ಬಳಿದು ತೆಗೆದುಕೊಂಡು, ಸೈಕಲ್ಲನ್ನು ಬಿಚ್ಚಿ ರಟ್ಟಿನ ಪೆಟ್ಟಿಗೆಗೆ ತುಂಬಿದೆ. ಕರಿಬೇವಿನ ಗಿಡಕ್ಕೆ ನೀರು ಹಾಕಲು ಪಕ್ಕದ ಮನೆಯ ಅಜ್ಜಿಗೆ ಕೀಲಿ ಕೊಟ್ಟೆ. ಮಗಳ ಮನೆಗೆ ಧಾರವಾಡದಿಂದ ಬಂದ ಅಜ್ಜಿ ಅವರು. ಅವನಿಗೆ ತಿಳಿಸಲಿಲ್ಲ. ಮನಸ್ಸಿನಲ್ಲಿ ಮಾತ್ರ ಒಂದು ಗಡುವು ಹಾಕಿಕೊಂಡೆ: ಕೆಂಪು ಗೆರೆ ಮುಗಿಯುವುದರೊಳಗೆ ಮಷೀನಿನಲ್ಲಿ 'ಬರ್ತೀನಿ' ಎಂಬ ಮಾತಿದ್ದರೆ ಈ ಸಂಸಾರ ಉಂಟು, ಇಲ್ಲದಿದ್ದರೆ ಇಲ್ಲ.

ಆ ಆನ್ಸರಿಂಗ್ ಮಷೀನು ಅಡುಗೆಮನೆಯ ಕಟ್ಟೆಯ ಮೇಲೆ, ಉಪ್ಪಿನಕಾಯಿ ಜಾಡಿಯ ಪಕ್ಕ ಕೂತಿತ್ತು. ತಂದವನೂ ಅವನೇ, ಅದರ ಕಿವಿ ತಿರುವಿ ಸರಿಮಾಡಿಟ್ಟವನೂ ಅವನೇ. ದೂರದಿಂದ ನಮ್ಮದೇ ನಂಬರಿಗೆ ಫೋನ್ ಮಾಡಿ, ಗುಟ್ಟಿನ ಅಂಕಿ ಒತ್ತಿದರೆ ಅದು ಸಂದೇಶಗಳನ್ನು ಕೇಳಿಸುತ್ತಿತ್ತು. ಅದರಲ್ಲೊಂದು ಜಾಣತನವಿತ್ತು. ಹೊಸ ಸಂದೇಶವಿದ್ದರೆ ಎರಡು ರಿಂಗಿಗೇ ಎತ್ತಿಕೊಳ್ಳುವುದು. ಇಲ್ಲದಿದ್ದರೆ ನಾಲ್ಕರವರೆಗೆ ಕಾಯುವುದು. ಅಂದರೆ ಮೂರನೆಯ ರಿಂಗು ಕೇಳಿಸಿತೆಂದರೆ ಒಳಗೆ ಏನೂ ಇಲ್ಲ, ಇಟ್ಟುಬಿಡಬಹುದು, ಚಿಲ್ಲರೆ ವಾಪಸು ಬರುತ್ತದೆ. ಈ ಉಪಾಯ ಕಂಡು ಅವನು ಎಷ್ಟು ಹಿಗ್ಗಿದ್ದನೆಂದರೆ, ಇದನ್ನು ಮಾಡಿದವನು ಖಂಡಿತ ನಮ್ಮ ಕಡೆಯವನೇ ಎಂದಿದ್ದ.

ಡೆನ್ಮಾರ್ಕಿನಲ್ಲಿ ಮೊದಲ ದಿನದಿಂದಲೇ ಎದುರುಗಾಳಿ. ಚಪ್ಪಟೆ ದೇಶ, ಸಲೀಸು ಎಂದು ಪುಸ್ತಕಗಳೆಲ್ಲ ಹೇಳಿದ್ದವು. ಬೆಟ್ಟವಾದರೆ ಹತ್ತಿದ ಮೇಲೆ ಇಳಿತವಾದರೂ ಇರುತ್ತದೆ, ಗಾಳಿಗೆ ಇಳಿತವಿಲ್ಲ. ನಮ್ಮ ಉಪ್ಪಿನ ಕೊಳದ ಗಾಳಿಯಲ್ಲಿ ನಾವು ಸರದಿ ಹಾಕಿಕೊಳ್ಳುತ್ತಿದ್ದೆವು. ಸ್ವಲ್ಪ ದೂರ ಅವನು ಮುಂದೆ, ನಾನು ಅವನ ಬೆನ್ನಿನ ಮರೆಯಲ್ಲಿ. ಆಮೇಲೆ ನಾನು ಮುಂದೆ. ಇಲ್ಲಿ ಅರ್ಧ ದಿನ ತುಳಿದ ಮೇಲೆ, ಏನೋ ತಪ್ಪಿದೆ, ನನ್ನ ಸರದಿ ಯಾಕೆ ಮುಗಿಯುತ್ತಿಲ್ಲ ಎಂದು ನಿಜವಾಗಿಯೂ ಹಿಂದೆ ತಿರುಗಿ ನೋಡಿದೆ. ಗೋಧಿ ಹೊಲ ಬಿಟ್ಟರೆ ಯಾರೂ ಇರಲಿಲ್ಲ. ಅಳು ಬಂತು. ಸೈಕಲ್ ನಿಲ್ಲಿಸದೆ ಅತ್ತೆ, ನಿಲ್ಲಿಸಿದರೆ ಮತ್ತೆ ಹೊರಡುವುದು ಕಷ್ಟ.

ಆ ಸಂಜೆ ಮೊದಲ ಬೂತು. ನಾಣ್ಯ ಹಾಕಿ, ನೆವಾರ್ಕಿನ ನಂಬರು ಒತ್ತಿದೆ. ಒಂದು. ಎರಡು. ಉಸಿರು ಹಿಡಿದೆ. ಮೂರು. ರಿಸೀವರು ಇಟ್ಟೆ. ಚಿಲ್ಲರೆ ಕೆಳಗೆ ಸುರಿಯಿತು.

ದೋಣಿಯಲ್ಲಿ ಸ್ವೀಡನ್ನಿಗೆ ದಾಟಿದೆ. ಅಲ್ಲಿ ಕಾಡು. ಎಡಕ್ಕೂ ಸೂಚಿಪರ್ಣದ ಮರ, ಬಲಕ್ಕೂ ಅದೇ ಮರ, ನಡುವೆ ನಾನು. ಜನ ಒಳ್ಳೆಯವರು. ಯಾರ ಜಮೀನಿನಂಚಿನಲ್ಲಿ ಡೇರೆ ಹಾಕಿದರೂ ಏಳು ಎನ್ನುವುದಿಲ್ಲ. ಹಾಗೆಯೇ ಯಾರೆಂದು ಕೇಳುವುದೂ ಇಲ್ಲ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರು ಯಾವೂರು, ಮಕ್ಕಳೆಷ್ಟು, ಯಾಕಿಲ್ಲ ಎಂದೆಲ್ಲ ಕೇಳಿ ಜೀವ ತಿನ್ನುವಾಗ ನಾನು ಎಷ್ಟು ಸಿಡುಕಿದ್ದೆನೋ. ಅಲ್ಲಿ ಕಾಫಿ ಅಂಗಡಿಯ ಬೆಂಚಿನ ಮೇಲೆ ಕೂತು, ಯಾರಾದರೂ ಬಂದು ನಿನಗೆ ಮಕ್ಕಳೆಷ್ಟು ಎಂದು ಕೇಳಬಾರದೇ ಎಂದುಕೊಂಡೆ. ಇಡೀ ದಿನದಲ್ಲಿ 'ಒಂದು ಕಾಫಿ' ಎಂಬುದಷ್ಟೇ ನನ್ನ ಮಾತಾಗಿದ್ದ ದಿನಗಳಿದ್ದವು. ಕೊನೆಗೆ ಸೈಕಲ್ಲಿನ ಜೊತೆ ಕನ್ನಡದಲ್ಲಿ ಮಾತಾಡತೊಡಗಿದೆ. ಏರಿನಲ್ಲಿ ಬೈಯುತ್ತಿದ್ದೆ, ಇಳಿತದಲ್ಲಿ ಮುದ್ದು ಮಾಡುತ್ತಿದ್ದೆ. ಪಂಕ್ಚರಾದ ದಿನ ಅದಕ್ಕೂ ಅವನಿಗೂ ಸೇರಿಸಿ ಒಟ್ಟಿಗೇ ಮಂಗಳಾರತಿ ಮಾಡಿದೆ.

ಸಿಕ್ಕ ಸಿಕ್ಕ ಊರಿನಲ್ಲಿ ಫೋನು ಮಾಡುತ್ತಿದ್ದೆ. ಒಂದು, ಎರಡು, ಮೂರು. ಇಡು. ಚಿಲ್ಲರೆ ಎತ್ತಿಕೊ.

ಗೋಥೆನ್‌ಬರ್ಗ್ ದಾಟಿದ ಮೇಲಿನ ಒಂದು ಸಣ್ಣ ಊರಿನಲ್ಲಿ, ಮೀನಿನಂಗಡಿಯ ಪಕ್ಕದ ಬೂತಿನಲ್ಲಿ, ಎರಡು ರಿಂಗಿಗೇ ಟಕ್ ಎಂದಿತು. ಮಷೀನು ಎತ್ತಿಕೊಂಡಿತ್ತು! ಮೊದಲು ಅವನದೇ ದನಿ, ಹಳೆಯದು: ನಾವು ಮನೆಯಲ್ಲಿಲ್ಲ, ನಿಮ್ಮ ಹೆಸರು ನಂಬರು ಹೇಳಿ ಎಂದು ಇಂಗ್ಲಿಷಿನಲ್ಲಿ. ನಾವು ಎಂಬ ಮಾತು ಕೇಳಿಯೇ ನನ್ನ ಕಣ್ಣು ಮಂಜಾಯಿತು. ಗುಟ್ಟಿನ ಅಂಕಿಯನ್ನು ಒಂದು ಸಲ ತಪ್ಪಾಗಿ ಒತ್ತಿದೆ. ಸಂದೇಶ ಎರಡಿದ್ದವು. ಮೊದಲನೆಯದು ಯಾವಳೋ ಉತ್ಸಾಹದ ಹುಡುಗಿಯದು; ನಮ್ಮ ಕಂಪನಿಗೆ ಬದಲಾಯಿಸಿಕೊಂಡರೆ ದೂರದ ಕರೆಗಳು ಅಗ್ಗ, ದೂರದ ಪ್ರೀತಿಪಾತ್ರರೊಡನೆ ಮನಬಿಚ್ಚಿ ಮಾತಾಡಿ ಎಂದಳು. ಎರಡನೆಯದರಲ್ಲಿ ಮಾತೇ ಇಲ್ಲ. ಯಾರದೋ ಉಸಿರು, ಹಿಂದೆ ಎಲ್ಲೋ ಒಂದು ಹಾರನ್ನು, ಆಮೇಲೆ ಇಟ್ಟ ಸದ್ದು. ಇನ್ನೊಬ್ಬ ಮಾರಾಟದವನು, ಫ್ರೀವೇ ಪಕ್ಕದ ಆಫೀಸು ಎಂದುಕೊಂಡೆ. ಕಾಸೂ ಹೋಯಿತು, ಆಸೆಯೂ ಹೋಯಿತು. ಬೂತಿನ ಹೊರಗೆ ಬಂದು ಮೀನಿನ ವಾಸನೆಯಲ್ಲಿ ಸುಮ್ಮನೆ ನಿಂತಿದ್ದೆ.

ಓಸ್ಲೋದಿಂದ ಮೇಲೆ ಏರು ಶುರುವಾಯಿತು. ಅವನು ನಕ್ಷೆಯಲ್ಲಿ ಡೋವ್ರೆ ಎಂಬ ಬೆಟ್ಟದ ಬಯಲಿಗೆ ಎರಡು ಸುತ್ತು ಹಾಕಿ ಗುರುತು ಮಾಡಿದ್ದ. ನಾನು ಅದನ್ನು ಮಳೆಯಲ್ಲಿ, ಬಹುಪಾಲು ತಳ್ಳಿಕೊಂಡೇ ಹತ್ತಿದೆ. ಮೇಲೆ ಮುಟ್ಟಿದಾಗ ಮಳೆ ನಿಂತು ಬೆಳಕು ಬಿತ್ತು. ಮರವಿಲ್ಲ, ಮನೆಯಿಲ್ಲ, ಕಂದು ಪಾಚಿ, ಅಲ್ಲಲ್ಲಿ ಹಿಮದ ತೇಪೆ. ಇಷ್ಟು ಚೆಂದದ ಜಾಗದಲ್ಲಿ ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಆ ಚೆಂದವನ್ನು ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ಒಬ್ಬಳೇ ನಿಂತು "ನೋಡೋ" ಎಂದು ಜೋರಾಗಿಯೇ ಹೇಳಿದೆ. ಕುರಿಗಳು ತಲೆ ಎತ್ತಿ ನೋಡಿದವು.

ಇಳಿತದಲ್ಲಿ ಅವನ ಹಾಗೆ ಬ್ರೇಕು ಹಿಡಿದೇ ಇಳಿದೆ. ನನಗೆ ಅವಸರವಿರಲಿಲ್ಲ. ಗೆರೆ ಮುಗಿಯುವುದು ಬೇಡವಾಗಿತ್ತು.

ಟ್ರಾಂಡ್‌ಹೈಮಿನಲ್ಲಿ, ಕೆಂಪು ಹಳದಿ ಮರದ ಉಗ್ರಾಣಗಳು ನೀರಿಗೆ ಕಾಲಿಟ್ಟು ನಿಂತ ನದಿಯ ದಡದಲ್ಲಿ, ಕೆಂಪು ಬೂತು ಸಿಕ್ಕಿತು. ಮೊದಲು ಒಂದು ಬನ್ನು ತಿಂದೆ. ಬಾಯಿ ಒರೆಸಿಕೊಂಡೆ. ತಲೆಗೂದಲನ್ನೂ ಸರಿಮಾಡಿಕೊಂಡೆ, ಯಾರೋ ನೋಡುತ್ತಾರೆಂಬಂತೆ. ಆಮೇಲೆ ನಂಬರು ಒತ್ತಿದೆ. ಒಂದು. ಎರಡು.

ಮೂರು.

ಇಟ್ಟೆ. ಅವನು ಬಾಯ್ಬಿಟ್ಟು ಇಲ್ಲ ಎನ್ನುವಷ್ಟು ಗಟ್ಟಿಗನಲ್ಲ, ಹೀಗೆಯೇ ಹೇಳುವವನು, ಹೇಳಿಯಾಯಿತು ಎಂದುಕೊಂಡೆ. ಚಿಲ್ಲರೆಯನ್ನು ಎತ್ತಿಕೊಳ್ಳಲಿಲ್ಲ.

ವಿಮಾನ ಇಳಿದು, ಪೆಟ್ಟಿಗೆಯ ಸಮೇತ ವ್ಯಾನು ಹಿಡಿದು ನೆವಾರ್ಕಿನ ಮನೆಗೆ ಬಂದದ್ದು ಮಾರನೆಯ ಬೆಳಗಾದ ಮೇಲೆ. ಬಾಗಿಲು ತೆಗೆದರೆ ಮುಚ್ಚಿಟ್ಟ ಮನೆಯ ವಾಸನೆ. ಕರಿಬೇವು ಮಾತ್ರ ಚಿಗುರಿತ್ತು. ಮಷೀನಿನ ಕಿಟಕಿಯಲ್ಲಿ ಹೊಸ ಸಂದೇಶ ಸೊನ್ನೆ. ಬೇ ಏರಿಯಾದಲ್ಲಿ ಅಷ್ಟೊಂದು ಜನ ಪರಿಚಯದವರಿದ್ದರೂ, ಮನೆ ಮುಟ್ಟಿದೆ ಎಂದು ಎರಡು ರಿಂಗ್ ಕೊಡಲು ನನಗೆ ಒಂದು ನಂಬರೂ ಹೊಳೆಯಲಿಲ್ಲ. ಹೋಗುವಾಗ 'ಮುಟ್ಟಿದ್ಮೇಲೆ ತಿಳಿಸು' ಎಂದು ಯಾರೂ ಹೇಳಿರಲಿಲ್ಲ. ಅಜ್ಜಿಯೊಬ್ಬರನ್ನು ಬಿಟ್ಟರೆ, ಹೋಗುತ್ತೇನೆಂದು ನಾನೇ ಯಾರಿಗೂ ಹೇಳಿರಲಿಲ್ಲವಲ್ಲ.

ಸದ್ದು ಕೇಳಿ ಅಜ್ಜಿ ಬಂದರು, ಕೈಯಲ್ಲಿ ನನ್ನ ಕೀಲಿ.

"ಬಂದ್ಯಾ ನಮ್ಮವ್ವಾ? ಎಷ್ಟ್ ಕಪ್ಪ ಆಗಿ, ಎಷ್ಟ್ ಬಡಕಾಗಿ. ಭಕ್ಕರಿ ಮಾಡೇನಿ, ಬಾ ಉಣ್ಣು."

ಆಮೇಲೆ ಬರುತ್ತೇನೆ ಎಂದೆ. ಅವರು ಹೋಗದೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತರು.

"ಅಲ್ಲವಾ, ನಿನ್ನ ಫೋನಿಗೆ ಏನಾಗ್ಯದ? ದಿನಾ ನಸಿಕಿನ್ಯಾಗ ನಾ ದೇವರ ಮುಂದ ದೀಪಾ ಹಚ್ಚೂ ಹೊತ್ತಿಗೆ ಗ್ವಾಡ್ಯಾಗಿಂದ ಕೇಳಸ್ತಿತ್ತು. ಟ್ರಿಣ್, ಟ್ರಿಣ್. ಎರಡ ಸಲ. ಅಷ್ಟಽ. ಗಪ್ಪ್ ಆಗ್ತಿತ್ತು."

ನಾನು ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟೆ. "ದಿನಾನಾ ಅಜ್ಜಿ?"

"ದಿನಾ. ನೀ ಹೋದ ವಾರದಾಗ ಶುರು ಆತು. ಕೆಟ್ಟದ ಏನೋ ಅಂದ್ಕೊಂಡೆ. ಈಗ ಒಂದ್ ವಾರಾತು, ಬರವಲ್ದು. ನೀ ಇದ್ದಿದ್ರ ರಿಪೇರಿಯವರಿಗೆ ಹೇಳ್ತಿದ್ದಿ."

ನಮ್ಮಲ್ಲಿ ನಸುಕೆಂದರೆ ಬೆಂಗಳೂರಿನಲ್ಲಿ ದೀಪ ಹಚ್ಚುವ ಸಂಜೆ. ಅವನು ಕೆಲಸ ಹುಡುಕಿ ಅಲೆದು ಅಕ್ಕನ ಮನೆ ಮುಟ್ಟುವ ಹೊತ್ತು. ಮುಟ್ಟಿದೆ ಎಂದು ದಿನವೂ ಎರಡು ರಿಂಗ್ ಕೊಟ್ಟಿದ್ದ. ಇಲ್ಲಿಂದ ಒಂದು ಬರಲಿ ಎಂದು ದಿನವೂ ಕಾದಿದ್ದ. ತಾನು ಎತ್ತಿಕೊಳ್ಳುವ ಮೊದಲೇ ನಿಂತ ರಿಂಗನ್ನು ಮಷೀನು ಹಿಡಿದಿಡುವುದಿಲ್ಲ. ನಾನು ಯುರೋಪಿನ ಬೂತುಗಳಲ್ಲಿ ಮೂರನೆಯ ರಿಂಗು ಕೇಳಿ ಅಳುತ್ತಿದ್ದಾಗ, ಎರಡನೆಯದಕ್ಕೇ ಅವನು ಎಲ್ಲ ಹೇಳಿ ಮುಗಿಸುತ್ತಿದ್ದ. ಆ ಮೀನಿನಂಗಡಿಯ ಪಕ್ಕ ಕೇಳಿದ ಹಾರನ್ನು ಫ್ರೀವೇಯದ್ದಲ್ಲ, ಬೆಂಗಳೂರಿನ ಆಟೋದ್ದು. ಅದು ಆಗ ಕಿವಿಗೆ ಹತ್ತಲಿಲ್ಲವಲ್ಲ ಎಂದು ತಲೆ ಚಚ್ಚಿಕೊಳ್ಳುವಂತಾಯಿತು.

ಅಜ್ಜಿಯನ್ನು ಕಳಿಸಿ, ಡ್ರಾಯರಿನಿಂದ ಮೊದಲೇ ದುಡ್ಡು ಕಟ್ಟಿ ಕೊಂಡಿದ್ದ ಕಾಲಿಂಗ್ ಕಾರ್ಡು ಹುಡುಕಿ ಬೆಂಗಳೂರಿಗೆ ಫೋನು ಮಾಡಿದೆ. ಒಂದು. ಎರಡು. ಮೂರು. ಬೇಸಿಗೆಯಿಡೀ ಮೂರನೆಯದಕ್ಕೆ ಇಟ್ಟು ಅಭ್ಯಾಸವಾದ ಕೈ ತಾನಾಗಿಯೇ ಕೆಳಗೆ ಹೋಗುತ್ತಿತ್ತು. ಇಡಲಿಲ್ಲ.

"ಹಲೋ."

"ನಾನು."

"ಎರಡು ರಿಂಗ್ ಕೊಡ್ತಾ ಇದ್ದೆ" ಎಂದ.

"ಈಗ ಗೊತ್ತಾಯ್ತು. ನಾನು ಮನೇಲಿರ್ಲಿಲ್ಲ. ನಾರ್ವೇಲಿದ್ದೆ."

"ಒಬ್ಳೇನಾ?"

ಅಷ್ಟೂ ದಿನ ಯಾರೂ ಕೇಳದ ಮಾತು ಅದು. ನಾನು ಬಿಕ್ಕಿದೆ. ಅವನು ಕಾದ.

"ಡೋವ್ರೆ ಹತ್ತಿದ್ಯಾ?"

"ತಳ್ಕೊಂಡು."

"ನಾನಿದ್ರೂ ತಳ್ಕೊಂಡೇ ಹತ್ತಬೇಕಿತ್ತು ಬಿಡು." ಸ್ವಲ್ಪ ನಕ್ಕ. "ಒಂದು ದಿನ ಮಷೀನ್ ಎತ್ಕೊಂಡ್ಬಿಡ್ತು. ಹೇಳೋಣ ಅಂತಾನೇ ಇದ್ದೆ. ಬೀಪ್ ಅಂದ ತಕ್ಷಣ ಬಾಯಿ ಕಟ್ಟಿಹೋಯ್ತು."

"ಏನ್ ಹೇಳ್ಬೇಕಂತಿದ್ದೆ?"

"ಬರ್ತೀನಿ ಅಂತ."

ಫ್ರಿಜ್ಜಿನ ಪಕ್ಕದ ಕೆಂಪು ಗೆರೆ ನೋಡುತ್ತ ನಿಂತಿದ್ದೆ. "ಈಗ?"

"ನಿನ್ ಕಡೆಯಿಂದ ಒಂದು ರಿಂಗೂ ಬರ್ಲಿಲ್ಲ. ಅದೇ ಉತ್ತರ ಅಂದ್ಕೊಂಡೆ. ಸೋಮವಾರ ಇಲ್ಲೇ ಕೆಲಸಕ್ಕೆ ಸೇರ್ಕೊಂಡೆ ಕಣೇ. ಎರಡು ವರ್ಷಕ್ಕೆ ಬಾಂಡ್ ಬರೆದುಕೊಟ್ಟಿದೀನಿ."

ನಾನು ಏನೋ ಹೇಳುವಷ್ಟರಲ್ಲಿ ಕಾರ್ಡಿನ ಹೆಂಗಸು ನಡುವೆ ಬಾಯಿ ಹಾಕಿ, ನಿಮಗೆ ಒಂದು ನಿಮಿಷ ಉಳಿದಿದೆ ಎಂದಳು. ಆ ನಿಮಿಷದಲ್ಲಿ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಲೈನು ಸತ್ತಿತು.

ಅವನು ಬರಲಿಲ್ಲ. ನಾನೂ ಹೋಗಲಿಲ್ಲ, ಎರಡು ವರ್ಷವೆಂದರೆ ಕಾಯಬಹುದು ಎಂದುಕೊಂಡಿದ್ದೆವು, ಕಾಯಲಾಗಲಿಲ್ಲ. ಆಮೇಲೆ ಜಗಳವಿಲ್ಲದೆ, ಮರ್ಯಾದೆಯಿಂದಲೇ ಬೇರೆಯಾದೆವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗೆ.

ಆದರೆ ಇದೆಲ್ಲ ಮುಂದಿನ ಮಾತು. ಆ ಬೆಳಿಗ್ಗೆ ನಾನು ಸತ್ತ ಫೋನನ್ನು ಇಟ್ಟು, ಮುಖ ತೊಳೆದುಕೊಂಡು ಬಂದೆ. ಸೈಕಲ್ಲಿನ ಪೆಟ್ಟಿಗೆ ಬಾಗಿಲಲ್ಲೇ ಅಡ್ಡಬಿದ್ದಿತ್ತು. ಅದನ್ನು ಒಳಗೆ ಎಳೆದು, ಬಾಗಿಲು ಹಾಕಿ, ಮತ್ತೆ ಫೋನಿನ ಹತ್ತಿರ ಹೋದೆ. ಈ ಸಲ ಕಾರ್ಡು ಬೇಕಾಗಿರಲಿಲ್ಲ. ಬೆಂಗಳೂರಿನ ನಂಬರು ನೇರವಾಗಿ ಒತ್ತಿದೆ. ಒಂದು, ಎರಡು ಹೊಡೆಸಿ ಇಟ್ಟೆ.

ಕಟ್ಟೆಯ ಪಕ್ಕ ನಿಂತು ಕಾದೆ. ಫೋನು ಒಂದೇ ಒಂದು ಸಲ ಹೊಡೆದು ನಿಂತಿತು.